ಕೊಂಡಪ್ಪ ನುಂಗಿದ ಮಾತ್ರೆ

ಮೇಲೂರಿನ ಕೊಂಡಪ್ಪ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವವನು. ಮಾತು ಜಾಸ್ತಿ, ಕೋಪ ಕಡಿಮೆ. ಒಲೆಯ ಮುಂದೆ ಕೂತು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಏನಾದರೂ ಹಾಡಿಕೊಳ್ಳುತ್ತಿದ್ದ. ಚರಕ ತಿರುಗಿಸುವುದು ಹೆಂಡತಿ ಓಬಳಮ್ಮನ ಕೆಲಸ.

೧೯೬೩ರಲ್ಲಿ ಹೆರಿಗೆಯಾದ ಮೇಲೆ ಓಬಳಮ್ಮ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಮಗು ಅತ್ತರೂ ತಿರುಗಿ ನೋಡಲಿಲ್ಲ. ಕೊಂಡಪ್ಪನ ತಾಯಿಯೇ ಹಸುವಿನ ಹಾಲು ಹಾಕಿ ಮಗುವನ್ನು ಸಾಕತೊಡಗಿದಳು. ತಾಯತ, ಹರಕೆ ಎಲ್ಲ ಮುಗಿದ ಮೇಲೆ ಕೊಂಡಪ್ಪ ಹೆಂಡತಿಯನ್ನು ಚಿಕ್ಕಬಳ್ಳಾಪುರದ ಒಂದು ಸಣ್ಣ ಕ್ಲಿನಿಕ್ಕಿಗೆ ಕರೆದೊಯ್ದ. ಅಲ್ಲಿಗೆ ಪ್ರತಿ ಗುರುವಾರ ಬೆಂಗಳೂರಿನಿಂದ ಮನೋರೋಗದ ಡಾಕ್ಟರು ಬರುತ್ತಿದ್ದರು. ಅವರು ಇಮಿಪ್ರಮಿನ್ ಎಂಬ ಹೊಸ ಮಾತ್ರೆ ಬರೆದುಕೊಟ್ಟು, ವಾರವಾರವೂ ಅವಳ ಮೂತ್ರವನ್ನು ಸೀಸೆಯಲ್ಲಿ ತರಲು ಹೇಳಿದರು.

"ಅದ್ಯಾಕೆ ಸ್ವಾಮಿ?" ಎಂದ ಕೊಂಡಪ್ಪ.

ಉತ್ತರ ಕೊಟ್ಟವಳು ಲ್ಯಾಬಿನ ಷಮೀಮ್. ಮೂತ್ರಕ್ಕೆ ಆಸಿಡ್ಡುಗಳ ಮಿಶ್ರಣ ಹಾಕಿದರೆ, ಮಾತ್ರೆ ಮೈಗೆ ಸೇರಿದ್ದಲ್ಲಿ ಅದು ಹಸಿರಾಗುತ್ತದೆ. ಹೆಚ್ಚು ಸೇರಿದ್ದರೆ ನೀಲಿಗೆ ತಿರುಗುತ್ತದೆ. ಸೇರದಿದ್ದರೆ ಹಳದಿಯಾಗಿಯೇ ಉಳಿಯುತ್ತದೆ. "ರಕ್ತದಲ್ಲಿ ಅಳೆಯೋಕೆ ದೊಡ್ಡ ಮಿಷನ್ ಬೇಕು. ನಮ್ಮ ಹತ್ರ ಇರೋದು ಇಷ್ಟೇ," ಎಂದು ಗಾಜಿನ ನಳಿಗೆ ತೋರಿಸಿದಳು.

ಓಬಳಮ್ಮ ಮಾತ್ರೆಯನ್ನು ಉಗಿದುಬಿಟ್ಟಳು. "ನಂಗೇನು ಹುಚ್ಚಾ? ನುಂಗಲ್ಲ ಹೋಗು."

ಮೊದಲ ಸೀಸೆ ಹಳದಿಯಾಗಿಯೇ ಉಳಿಯಿತು. ಡಾಕ್ಟರು ಹುಬ್ಬು ಗಂಟಿಕ್ಕಿದರು. "ಮನೆಯಲ್ಲಿ ನುಂಗದಿದ್ದರೆ ಬೆಂಗಳೂರಿನ ಮನೋರೋಗದ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ."

ಆ ಮಾತಿಗೆ ಕೊಂಡಪ್ಪ ಹೆದರಿಬಿಟ್ಟ. ಅಲ್ಲಿಗೆ ಹೋದವರು ವಾಪಸ್ ಬರುವುದಿಲ್ಲ ಎಂದೇ ಅವನ ನಂಬಿಕೆ. ಅವತ್ತಿನಿಂದ ಹೆಂಡತಿಯ ಮಾತ್ರೆಯನ್ನು ತಾನೇ ನುಂಗಿದ, ಸೀಸೆಯನ್ನೂ ತಾನೇ ತುಂಬಿಸಿದ.

ಮುಂದಿನ ಗುರುವಾರ ನಳಿಗೆ ಹಸಿರಾಯಿತು. ಷಮೀಮ್ ನಕ್ಕಳು, ಕೊಂಡಪ್ಪನೂ ನಕ್ಕ. ಆದರೆ ಓಬಳಮ್ಮ ಹಾಗೆಯೇ ಇದ್ದಳು. ಕೆಲವು ವಾರ ಕಾದ ಡಾಕ್ಟರು, "ಬಣ್ಣ ಬಂದಿದೆ, ಗುಣ ಬಂದಿಲ್ಲ" ಎಂದು ಮಾತ್ರೆ ಹೆಚ್ಚಿಸಿದರು. ಕೊಂಡಪ್ಪ ಅದನ್ನೂ ನುಂಗಿದ. ಬಾಯಿ ಒಣಗಿ ಹಾಡು ನಿಂತಿತು. ಕೂತಲ್ಲೇ ತೂಕಡಿಕೆ. ಒಂದು ಮಧ್ಯಾಹ್ನ ಗೂಡು ಬೇಯಿಸುತ್ತ ಕಣ್ಣು ಮುಚ್ಚಿದವನ ಕೈ ಕುದಿಯುವ ನೀರಿಗೆ ಜಾರಿತು.

ಅವನ ಕೂಗಿಗೆ ಓಬಳಮ್ಮ ಎದ್ದು ಬಂದಳು. ತಣ್ಣೀರಿನ ಕೊಡಕ್ಕೆ ಅವನ ಕೈ ಅದ್ದಿ ಹಿಡಿದುಕೊಂಡು, ಮುಖ ನೋಡಿದಳು.

"ಕುಡಿದಿದ್ದೀಯಾ?"

"ಇಲ್ಲ ಕಣೇ. ನಿನ್ನ ಮಾತ್ರೆ." ಅವನು ಎಲ್ಲವನ್ನೂ ಹೇಳಿದ.

"ನನ್ನ ಕಾಯಿಲೆಗೆ ನೀನು ನುಂಗಿದ್ರೆ ಯಾರಿಗಯ್ಯಾ ವಾಸಿಯಾಗೋದು?"

"ನಿನ್ನ ಕರ್ಕೊಂಡು ಹೋಗ್ಬಿಡ್ತಾರೆ ಅಂತ ಭಯ ಆಯ್ತು, ಓಬಳಿ."

ಅವಳು ತುಂಬ ಹೊತ್ತು ಅತ್ತಳು. ಆಮೇಲೆ ಮಾತ್ರೆ ಎಲ್ಲಿಟ್ಟಿದ್ದೀಯಾ ಎಂದು ಕೇಳಿ, ಅವನೆದುರೇ ನುಂಗಿದಳು.

ಗುರುವಾರ ಗಂಡ ಬಾಯಿ ತೆರೆಯುವ ಮೊದಲೇ ಅವಳೇ ಡಾಕ್ಟರಿಗೆ ವಿಷಯ ತಿಳಿಸಿದಳು. ಡಾಕ್ಟರು ರೇಗಿದರು. "ನಿನ್ನ ಹೃದಯಕ್ಕೇನಾದ್ರೂ ಆಗಿದ್ರೆ ಏನ್ಮಾಡ್ತಿದ್ದೆ?" ಕೊಂಡಪ್ಪ ಕಟ್ಟು ಹಾಕಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿ ನಿಂತ. ಡಾಕ್ಟರು ಹಳೆಯ ಅಳತೆಗೇ ಮಾತ್ರೆ ಇಳಿಸಿ ಬರೆದರು. ಕ್ಲಿನಿಕ್ಕಿನ ಬಚ್ಚಲಲ್ಲೇ ಸೀಸೆ ತುಂಬಿಸಬೇಕು ಎಂಬ ನಿಯಮ ಅಂದಿನಿಂದ ಶುರುವಾಯಿತು. ಷಮೀಮ್ ನಗು ತಡೆಯಲಾರದೆ ಲ್ಯಾಬಿಗೆ ಓಡಿದಳು.

ಓಬಳಮ್ಮ ಬಚ್ಚಲಲ್ಲಿ ಸೀಸೆ ತುಂಬಿಸಿಕೊಂಡು ಲ್ಯಾಬಿಗೆ ಹೋದಳು. ನಳಿಗೆಯೊಳಗೆ ತೆಳುವಾದ ಹಸಿರು ಮೂಡಿತು.

"ಇದು ನಂದೇನಾ?"

"ನಿಮ್ಮದೇ ಅಮ್ಮಾ."

ಓಬಳಮ್ಮ ಅದನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದಳು.

ಗುಣ ಅಷ್ಟು ಬೇಗ ಬರಲಿಲ್ಲ. ಮೊದಲು ನಿದ್ದೆ ಬಂತು, ನಂತರ ಊಟ ಸೇರಿತು. ಒಂದು ಬೆಳಿಗ್ಗೆ ಅತ್ತೆಯ ಮಡಿಲಿನಿಂದ ಮಗುವನ್ನು ತಾನಾಗಿ ಎತ್ತಿಕೊಂಡಳು. ಕೊಂಡಪ್ಪ ಬಾಗಿಲಲ್ಲೇ ನಿಂತು ನೋಡಿದ, ಒಳಗೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಡಾಕ್ಟರು ಮಾತ್ರೆ ನಿಲ್ಲಿಸಿದರು. ಕೊನೆಯ ಸಲ ಗಂಡ ಹೆಂಡತಿ ಅವರೆಕಾಯಿಯ ಚೀಲ ಹೊತ್ತು, ಮಗುವನ್ನೂ ಕರೆದುಕೊಂಡು ಕ್ಲಿನಿಕ್ಕಿಗೆ ಬಂದರು. ಷಮೀಮ್ ಎತ್ತಿಕೊಂಡ ಕೂಡಲೇ ಮಗು ಅವಳ ಬಿಳಿ ಕೋಟಿನ ಗುಂಡಿಯನ್ನು ಬಾಯಿಗೆ ಹಾಕಿಕೊಂಡಿತು. ಬಿಡಿಸಲು ಮೂವರೂ ಸೇರಬೇಕಾಯಿತು.