ಬೇಚರಾಕ್ ಊರಿನ ಕಂದೀಲು

ಎಂಬತ್ತರ ದಶಕದ ನಡುವಿನಲ್ಲಿ ನಾನು ರಾಯಚೂರಿನ ಒಂದು ಯೋಜನಾ ಕಚೇರಿಯಲ್ಲಿ ಹಂಗಾಮಿ ಸಹಾಯಕನಾಗಿದ್ದೆ. ಕಾಲುವೆಯ ನೀರು ನಿಲ್ಲಿಸಲು ದೇವದುರ್ಗ ತಾಲೂಕಿನಲ್ಲಿ ಕೆರೆ ಕಟ್ಟುವುದಿತ್ತು. ಅಷ್ಟರಲ್ಲಿ ಮೇಲಿನಿಂದ ಹೊಸ ಕಾಗದ ಬಂತು: ಕೆಲಸ ಶುರುವಾಗುವ ಮೊದಲು ಪರಿಸರ ಪರಿಣಾಮ ವರದಿ ಕಳಿಸಿ. ಹಾಗೆಂದರೆ ಏನೆಂದು ಕಚೇರಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವನು ನಾನೊಬ್ಬನೇ. ಹಾಳೂರಿಗೆ ಉಳಿದವನೇ ಗೌಡ. ಕೆಲಸ ನನ್ನ ಕೊರಳಿಗೆ ಬಿತ್ತು.

ನಮೂನೆಯ ತುಂಬ ಪ್ರಶ್ನೆಗಳು. ಮುಳುಗುವ ಕಾಡೆಷ್ಟು? ಇಲ್ಲ. ಕಾಡುಪ್ರಾಣಿ? ಕುರ್ಚಿಯಲ್ಲಿ ಕೂತೇ ನರಿ, ಮೊಲ, ಒಂದಿಷ್ಟು ನವಿಲು ಬರೆದೆ. ಮುಳುಗುವ ಮನೆಗಳೆಷ್ಟು, ಜನರೆಷ್ಟು ಎಂಬಲ್ಲಿ ಮಾತ್ರ ಪೆನ್ನು ನಿಂತಿತು. ಇದನ್ನು ಕಣ್ಣಾರೆ ನೋಡಬೇಕೆಂದು ದೇವದುರ್ಗದ ಬಸ್ಸು ಹತ್ತಿದೆ.

ಇಳಿದ ಮೇಲೆ ಆ ಜಾಗಕ್ಕೆ ಎರಡು ತಾಸಿನ ಕಾಲುದಾರಿ. ನಮ್ಮ ಬಿಸಿಲಿನ ಬಗ್ಗೆ ಹೊರಗಿನವರು ತಮಾಷೆ ಮಾಡುತ್ತಾರೆ, ಅದರಲ್ಲಿ ನಡೆದವರು ಮಾಡುವುದಿಲ್ಲ. ದೇವದುರ್ಗದಲ್ಲೇ ಹಳೆಯ ಉರ್ದು ದಾಖಲೆ ಓದಿ ಹೇಳುವ ನಿವೃತ್ತ ಗುಮಾಸ್ತರೊಬ್ಬರಿದ್ದರು. ಅವರ ಕಟ್ಟೆಯ ನೆರಳಲ್ಲಿ ಕೂತು ನಾನು ತಂದಿದ್ದ ಹಳೆಯ ಕಂದಾಯ ದಾಖಲೆಯ ನಕಲು ತೋರಿಸಿದೆ. ಮುಳುಗಲಿದ್ದ ಹಳ್ಳಿಯ ಹೆಸರಿನ ಮುಂದೆ ಅವರು ಬೆರಳಿಟ್ಟರು.

“ಬೇಚಿರಾಗ್ ಅಂತ ಅದ. ಜನ ಬೇಚರಾಕ್ ಅಂತಾರ. ಬೇ ಅಂದ್ರ ಇಲ್ಲ, ಚಿರಾಗ್ ಅಂದ್ರ ದೀಪ. ದೀಪ ಹಚ್ಚೋರಿಲ್ಲದ ಊರು. ಆದ್ರ ಇದು ನಿಜಾಮರ ಕಾಲದ ಬರಹ, ಒಮ್ಮಿ ಹೋಗಿ ನೋಡಿ ಬರ್ರಿ.”

ನೋಡುತ್ತೇನೆ ಎಂದೆ. ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದು ಮರಳಿ ಬಂದೆ. ‘ಜನವಸತಿ: ಇಲ್ಲ’ ಎಂದು ಬರೆದು ಟೈಪಿಗೆ ಕೊಟ್ಟೆ. ಅಂಥ ಸೋಮಾರಿ ನಾನು.

ಹತ್ತು ದಿನದ ಮೇಲೆ, ಮಟಮಟ ಮಧ್ಯಾಹ್ನ, ಒಬ್ಬ ಹೆಂಗಸು ಕಚೇರಿಯೊಳಗೆ ಬಂದಳು. ಕೈಯಲ್ಲಿ ಉರಿಯುವ ಕಂದೀಲು. ಬಾಗಿಲ ಹೊರಗೆ ಹಚ್ಚಿಕೊಂಡು ಬಂದಿದ್ದಳು. ನಮ್ಮ ಕಚೇರಿಯ ಗುಮಾಸ್ತರು ಹೊಸದೊಂದು ತಮಾಷೆ ಸಿಕ್ಕಿತೆಂದು ನಕ್ಕರು. ಅವಳು ಕೇಳುತ್ತ ಕೇಳುತ್ತ ನನ್ನ ಮೇಜಿಗೆ ಬಂದು ಅದನ್ನು ನನ್ನೆದುರಿಗಿಟ್ಟಳು.

“ನಮ್ಮೂರಾಗ ದೀಪ ಇಲ್ಲಂತ ನಿಮ್ಮ ಕಾಗದದಾಗ ಅದಂತ, ದೇವದುರ್ಗದ ಆ ಮುದುಕಪ್ಪ ಹೇಳಿದ. ಇದೇನು ಹಂಗಾರ? ನಮ್ಮತ್ತಿ ಹಚ್ಚತಿದ್ಲು, ಈಗ ನಾ ಹಚ್ಚಾಕತ್ತೀನಿ. ಕಲ್ಲು ಒಡದು ತಿನ್ನೋರು ಯಪ್ಪಾ ನಾವು, ಇಪ್ಪತ್ತು ಮನಿ ಅದಾವ. ನೀರು ನಿಲ್ಲಸ್ರಿ, ಬ್ಯಾಡನ್ನಂಗಿಲ್ಲ. ಬ್ಯಾರೆ ಕಡಿ ಜಾಗಾ ಸಿಗಬೇಕಂದ್ರ ನೀವು ಬರೀಬೇಕಂತ. ಬರೀರಿ.”

ವರದಿ ಇನ್ನೂ ಹೋಗಿರಲಿಲ್ಲ. ಸಾಹೇಬರ ಸಹಿ ಬಾಕಿ ಇತ್ತು. ಓಡಿ ಹೋಗಿ ಹೇಳಿದೆ. ಮೈಸೂರು ಕಡೆಯ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ದಾಖಲೆ ಏನ್ ಹೇಳುತ್ತೆ?”

“ಬೇಚರಾಕ್ ಸರ್.”

“ಮತ್ತೆ? ಮನೆ ಇದೆ ಅಂತ ಬರೆದ್ರೆ ಕೆಲಸ ಒಂದು ವರ್ಷ ನಿಲ್ಲುತ್ತೆ. ನಿಮ್ಮನ್ನ ಖಾಯಂ ಮಾಡೋ ಕಾಗದಾನೂ ನನ್ನ ಹತ್ರಾನೇ ಇದೆ, ಗೊತ್ತಲ್ಲ?” ಬಾಗಿಲಿಗೆ ಬಂದು ಇಣುಕಿದರು. “ಏನ್ರೀ ಅದು ಹಗಲಲ್ಲಿ? ಆರಿಸ್ರೀ ಮೊದಲು.”

ನಮ್ಮ ಮನೆಗಳಲ್ಲಿ ದೀಪ ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತಾರೆ. ನನ್ನವ್ವ ನಮ್ಮೂರು ಮಟಮಾರಿಯ ಹೊಲಗಳಲ್ಲಿ ಕಳೆ ಕಿತ್ತು ನನ್ನನ್ನು ಓದಿಸಿದವಳು. ಅವಳಿಂದ ಕಲಿತ ಮಾತು ಅದು. ಹಂಗಾಮಿ ನೌಕರಿ ಹೋದೀತೆಂಬ ಹೆದರಿಕೆಯಲ್ಲಿ ಗಾಜು ಎತ್ತಿ, ಆ ಹೆಂಗಸಿನ ಕಣ್ಣೆದುರಿಗೇ ಉಫ್ ಎಂದು ಊದಿದೆ. ಅವಳು ಕಂದೀಲನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ವರದಿ ಇದ್ದದ್ದು ಇದ್ದ ಹಾಗೇ ಹೋಯಿತು, ಮಂಜೂರಾಯಿತು. ನಾನೂ ಖಾಯಂ ಆದೆ. ಕಂದೀಲು ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಮುಂದಿನ ವರ್ಷ ಸಾಮಾನು ತಪಾಸಣೆಗೆ ಬಂದವರು ‘ಕಂದೀಲು, ಹಳೆಯದು, ಒಂದು’ ಎಂದು ರಿಜಿಸ್ಟರಿಗೆ ಏರಿಸಿದರು. ಇಪ್ಪತ್ತು ಮನೆ ಯಾವ ಕಾಗದದಲ್ಲೂ ಬರಲಿಲ್ಲ, ಕಂದೀಲು ಬಂತು. ಕೆರೆಗೆ ನೀರು ಬಿಡುವ ಮೊದಲು ಗುಡಿಸಲುಗಳನ್ನು ಅತಿಕ್ರಮಣ ಎಂದು ಕಿತ್ತುಹಾಕಿದ ಸುದ್ದಿ ಚಹಾ ಕುಡಿಯುವಾಗ ಕಿವಿಗೆ ಬಿತ್ತು. ಚಹಾ ಪೂರ್ತಿ ಕುಡಿದೆ.

ಅದಾದ ಎರಡು ವರ್ಷಕ್ಕೆ ಮಾನ್ವಿ ತಾಲೂಕಿನ ಕೆಲಸಕ್ಕೆಂದು ಹೋಗಿ ಪೋತ್ನಾಳದಲ್ಲಿ ಇಳಿದಿದ್ದೆ. ಭತ್ತದ ನಾಟಿಗೆ ಹೊರಟ ಹೆಂಗಸರ ಗುಂಪು ರಸ್ತೆ ಬದಿಗೆ ನಿಂತಿತ್ತು. ಅದರಲ್ಲಿ ಅವಳು. ನಾನು ಮುಖ ತಿರುಗಿಸುವಷ್ಟರಲ್ಲಿ ಅವಳೇ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಆರಾಮ ಅದೀರೇನ್ರಿ? ನನ್ನ ಕಂದೀಲು ಅದ ಏನ್ರಿ ಯಪ್ಪಾ ಇನ್ನಾ? ಇಲ್ಲೇ ಕಾಲವಿ ದಂಡಿಗೆ ಗುಡಸಲ ಹಾಕೀವಿ. ಹಾವು ಹುಳ ಭಾಳ, ಕತ್ತಲಾಗ ಕಾಲು ಎಲ್ಲಿಡೂದು ತಿಳಿಯಂಗಿಲ್ಲ.”

“ಅದ ಯವ್ವಾ, ಮುಂದಿನ ವಾರ ತಂದು ಕೊಡ್ತೀನಿ” ಅಂದೆ.

ರಿಜಿಸ್ಟರಿಗೆ ಏರಿದ ಸಾಮಾನು ಹೊರಗೆ ಹೋಗಬೇಕಾದರೆ ಸಾಹೇಬರ ಸಹಿ ಬೇಕು. ನಾನು ಕೇಳಲಿಲ್ಲ. ಅಂಗಡಿಯಲ್ಲಿ ಹೊಸ ಕಂದೀಲು ಕೊಳ್ಳಬಹುದಿತ್ತು, ಅದನ್ನೂ ಕೊಳ್ಳಲಿಲ್ಲ. ಆ ದಾರಿಯಲ್ಲಿ ಆಮೇಲೆ ಎಷ್ಟೋ ಸಲ ಹೋಗಿ ಬಂದಿದ್ದೇನೆ. ಪೋತ್ನಾಳದಲ್ಲಿ ಬಸ್ಸು ನಿಂತರೂ ಇಳಿಯುವುದಿಲ್ಲ.