ಎರಡು ಗಂಟೆಯ ಸಹಿ

ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೂ ಪರಿಚಯ ಬೇಕು ಎಂದರೆ ನಮ್ಮ ಬೀದಿಯವರು ನಗುತ್ತಿದ್ದರು. ನಗಲಿ. ನನಗೆ ಆ ಪರಿಚಯವಾದದ್ದು ಬಸ್ಸಿನಲ್ಲಿ. ಗಾರ್ಮೆಂಟ್ಸ್ ಬಿಟ್ಟು ಮನೆಯಲ್ಲಿ ಕೂತಿದ್ದ ದಿನಗಳವು. ಹೇರೋಹಳ್ಳಿಯಿಂದ ವಿಜಯನಗರದ ಕಡೆ ಹೋಗುತ್ತಿದ್ದಾಗ ಪಕ್ಕದಲ್ಲಿ ನೀಲಿ ಯೂನಿಫಾರ್ಮಿನ ಹೆಂಗಸೊಬ್ಬಳು ಬಂದು ಕೂತಳು. ಎರಡು ಸ್ಟಾಪು ದಾಟುವಷ್ಟರಲ್ಲಿ ನನ್ನ ಕಥೆಯನ್ನೆಲ್ಲ ಕೇಳಿದಳು. ಮೂರನೆಯ ಸ್ಟಾಪಿನಲ್ಲಿ ಫೋನ್ ಮಾಡಿ, "ಸಾರ್, ಒಬ್ಳು ಸಿಕ್ಕಿದಾಳೆ, ನಾಳೆ ಕರ್ಕೊಂಡ್ ಬರ್ತೀನಿ" ಎಂದುಬಿಟ್ಟಳು. ನಾನಿನ್ನೂ ಹೂಂ ಎಂದಿರಲಿಲ್ಲ.

ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗಿಂತ ಏಳೆಂಟು ವರ್ಷ ದೊಡ್ಡವಳು. ಓದು ಬರಹ ಅಷ್ಟಕ್ಕಷ್ಟೆ, ತನ್ನ ಹೆಸರಿನ ಎರಡಕ್ಷರ ಬರೆಯಲು ನಾಲಿಗೆ ಕಚ್ಚಿಕೊಂಡು ಕೂರಬೇಕು. ಆದರೆ ಪಶ್ಚಿಮ ಬೆಂಗಳೂರಿನ ಯಾವ ಆಸ್ಪತ್ರೆಯಲ್ಲಿ ಏಜೆನ್ಸಿ ಬದಲಾಗುತ್ತಿದೆ, ಎಲ್ಲಿ ಮೂವರು ಬೇಕಾಗಿದ್ದಾರೆ, ಯಾವ ಸೂಪರ್‌ವೈಸರ್ ಬಾಯಿ ಸರಿಯಿಲ್ಲ, ಎಲ್ಲವೂ ಮೊದಲು ಅವಳ ಕಿವಿಗೇ ಬೀಳುತ್ತಿತ್ತು. ಅವಳ ಫೋನಿಗೆ ನಂಬರುಗಳನ್ನು ಹಾಕಿಕೊಡುತ್ತಿದ್ದವಳು ನಾನು. ಯಾರ ಹೆಸರೂ ಇರಲಿಲ್ಲ. "ಕೆಂಗೇರಿ ಐಸಿಯು", "ಕುರುಬರಹಳ್ಳಿ ಹೆರಿಗೆ", "ಬಸವೇಶ್ವರನಗರ ಬಟ್ಟೆ ಒಗೆಯೋಳು", ಹೀಗೆ. ಮಧ್ಯಾಹ್ನ ಬೆಡ್‌ಶೀಟ್ ಇಡುವ ಕೋಣೆಯಲ್ಲಿ ಡಬ್ಬಿ ಬಿಚ್ಚಿದರೆ, ಒಂದು ತುತ್ತಿಗೂ ಇನ್ನೊಂದು ತುತ್ತಿಗೂ ನಡುವೆ ಒಬ್ಬಳನ್ನು ಎಲ್ಲಾದರೂ ಕೆಲಸಕ್ಕೆ ಸೇರಿಸಿರುತ್ತಿದ್ದಳು. ಅದಕ್ಕೆ ಒಂದು ಲೋಟ ಟೀ ಕೂಡ ಕೇಳಿದವಳಲ್ಲ.

ಮೂರನೆಯ ಮಹಡಿ ನಮ್ಮಿಬ್ಬರದು. ರೋಗಿ ಡಿಸ್ಚಾರ್ಜ್ ಆದ ಕೂಡಲೆ ಕೋಣೆಗೆ ನುಗ್ಗಿ ಹಾಸಿಗೆಯ ಆ ಬದಿಗೆ ಅವಳು, ಈ ಬದಿಗೆ ನಾನು. ಮಾತಿಲ್ಲದೆ ಕೆಲಸ ಸಾಗುತ್ತಿತ್ತು. ಅವಳು ಹಾಸಿಗೆ ಎತ್ತಿದರೆ ನನ್ನ ಕೈ ಆಗಲೇ ಮಂಚದ ಕಂಬಿ ಒರೆಸುತ್ತಿರುತ್ತಿತ್ತು. ಬಾತ್‌ರೂಮು ಅವಳದು, ವರಾಂಡ ನನ್ನದು. ಬಾತ್‌ರೂಮಿನ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿರುತ್ತಾರೆ, ಗಂಟೆ ಗಂಟೆಗೂ ತೊಳೆದವರು ಅಲ್ಲಿ ಸಹಿ ಹಾಕಬೇಕು. ಅವಳ ಕೈಗವಸು ಯಾವಾಗಲೂ ಒದ್ದೆ. ಹಾಳೆ ಹರಿಯುತ್ತದೆ, ಅಕ್ಷರವೂ ಮೂಡುವುದಿಲ್ಲ. "ನೀನು ಬರಿ, ನಾನು ತೊಳೀತೀನಿ" ಎಂದಳು ಒಂದು ದಿನ. ಅಂದಿನಿಂದ ಅವಳ ಎರಡಕ್ಷರವನ್ನು ನಾನೇ ಬರೆದೆ. ಅವಳು ತೊಳೆಯದೆ ನಾನು ಬರೆದದ್ದು ಒಂದು ಸಲವೂ ಇಲ್ಲ. ಆ ಒಂದು ದಿನ ಬಿಟ್ಟು.

ಅವತ್ತು ಹೊರಗಿನವರು ತಪಾಸಣೆಗೆ ಬರುವವರಿದ್ದರು. ಬೆಳಿಗ್ಗೆಯೇ ಸೂಪರ್‌ವೈಸರ್ ಎಲ್ಲರನ್ನೂ ನಿಲ್ಲಿಸಿ, "ಪೇಪರೆಲ್ಲಾ ಫುಲ್ ಇರ್ಬೇಕು. ಒಂದು ಕಾಲಂ ಖಾಲಿ ಕಾಣ್ಬಾರ್ದು" ಎಂದರು. ಅವರು ಹೇಳಿದ್ದು ಹಿಂದಿನ ದಿನಗಳ ಹಾಳೆಗಳ ಬಗ್ಗೆ. ನಾನು ಶಿಸ್ತಿನ ಸಿಪಾಯಿ. ಹಿಂದಿನದನ್ನೂ ತುಂಬಿದೆ, ಅಂದಿನದನ್ನೂ ಶಿಫ್ಟ್ ಮುಗಿಯುವ ಎರಡು ಗಂಟೆಯವರೆಗೆ ಅಚ್ಚುಕಟ್ಟಾಗಿ ತುಂಬಿದೆ. ಎಲ್ಲ ಅಕ್ಕನ ಸಹಿ.

ತಪಾಸಣೆಯ ಮೇಡಂ ಬಾಗಿಲ ಹಿಂದೆ ನೋಡಿದರು. ಕೈಗಡಿಯಾರ ನೋಡಿಕೊಂಡರು. ಮತ್ತೆ ಹಾಳೆ ನೋಡಿ ನಕ್ಕರು.

"ಎರಡು ಗಂಟೆಗೂ ಕ್ಲೀನ್ ಆಗ್ಬಿಟ್ಟಿದೆಯಲ್ಲ! ಈಗಿನ್ನೂ ಹನ್ನೊಂದೂವರೆ."

ಜೊತೆಗಿದ್ದ ಆಸ್ಪತ್ರೆಯ ಮ್ಯಾನೇಜರ್ ನಗಲಿಲ್ಲ. "ಯಾರದು ಈ ಸೈನು?" ಎಂದರು. ನಾನು ಮಾಪಿನ ಕೋಲು ಹಿಡಿದು ಬಾಗಿಲಲ್ಲೇ ನಿಂತಿದ್ದೆ. ನೀರು ಹೋಗುವ ಜಾಲರಿಗೆ ಯಾರದೋ ಒಂದು ಕೂದಲು ಸುತ್ತಿಕೊಂಡಿತ್ತು. ಅದನ್ನು ತೆಗೆಯಬೇಕಲ್ಲ ಎಂದುಕೊಂಡೆ. ಆಗ ನನ್ನ ತಲೆಯಲ್ಲಿದ್ದದ್ದು ಅಷ್ಟೇ, ಆಣೆ ಮಾಡಿ ಹೇಳುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ "ನಂದೇ ಸಾರ್" ಎಂದ ಅಕ್ಕನ ದನಿ ಪಕ್ಕದಿಂದ ಕೇಳಿಸಿತು.

ಮಧ್ಯಾಹ್ನವೇ ಅವಳ ಯೂನಿಫಾರ್ಮು, ಗುರುತಿನ ಚೀಟಿ ವಾಪಸ್ ತೆಗೆದುಕೊಂಡರು. ಅವಳು ಸೀರೆ ಉಟ್ಟುಕೊಂಡು ಗೇಟಿನ ಹತ್ತಿರ ನಿಂತು, "ಹದಿನೈದು ದಿನದಲ್ಲಿ ಇನ್ನೊಂದ್ ಕಡೆ ಸೇರ್ಕೋತೀನಿ, ನೀನು ಡಬ್ಬಿ ತೊಳ್ದು ತಗೊಂಡ್ ಹೋಗು" ಎಂದಳು. ನಾನೂ ನಂಬಿದೆ. ಊರಿನವರಿಗೆಲ್ಲ ಕೆಲಸ ಕೊಡಿಸಿದವಳಿಗೆ ಕೆಲಸ ಸಿಗದಿರುತ್ತದೆಯೇ?

ನಮಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಸೂಪರ್‌ವೈಸರುಗಳಿಗೂ ಅವರದೇ ಒಂದು ವಾಟ್ಸಾಪ್ ಗುಂಪು ಇತ್ತು. ಗುರುತಿನ ಚೀಟಿಯಲ್ಲಿದ್ದ ಅವಳ ಫೋಟೊ, ಕೆಳಗೆ "ಸುಳ್ಳು ಸಹಿ, ತಗೋಬೇಡಿ" ಎಂಬ ಸಾಲು, ಅಂದೇ ರಾಜಾಜಿನಗರದಿಂದ ಕೆಂಗೇರಿಯವರೆಗೆ ತಲುಪಿತ್ತು. ಅವಳು ಸೇರಿಸಿದ್ದ ಹೆಂಗಸರು ಪಾಪ ಒಬ್ಬೊಬ್ಬರಾಗಿ ಕರೆದರು. ಹೋದಳು, ಬೆಂಚಿನ ಮೇಲೆ ಕೂತಳು. ಅಲ್ಲಿಯವರು ಅವಳ ಮುಖ ನೋಡಿ, ಫೋನು ನೋಡಿ, "ತಿಳಿಸ್ತೀವಿ" ಎಂದರು. ಐದು ಕಡೆ ಹೀಗಾಯಿತು. ಆಮೇಲೆ ಅವಳ ಫೋನಿಗೆ ಬರುತ್ತಿದ್ದ ಕರೆಗಳು ನನ್ನ ಫೋನಿಗೆ ಬರತೊಡಗಿದವು. "ಅಕ್ಕನ ಜೊತೆ ಇದ್ದೋರಲ್ವಾ? ನಿಮ್ ಕಡೆ ಕೆಲ್ಸ ಇದ್ರೆ ಹೇಳಿ." ಇಬ್ಬರಿಗೆ ಹೇಳಿದೆ. ಇಬ್ಬರೂ ಸೇರಿಕೊಂಡರು.

ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ ಎನ್ನಲಾರೆ. ಆ ಅಕ್ಷರ ನನ್ನದು ಎಂದು ಸೂಪರ್‌ವೈಸರಿಗೆ ಹೇಳಬೇಕು, ಗುಂಪಿನಲ್ಲಿ ಇನ್ನೊಂದು ಸಾಲು ಹಾಕಿಸಬೇಕು, ಅಷ್ಟೇ. ದಿನಾ ಬೆಳಿಗ್ಗೆ ಹೇಳಿಯೇಬಿಡುತ್ತೇನೆ ಎಂದು ಹೊರಡುತ್ತಿದ್ದೆ. ಅವರು ಬಂದು ಫಿನಾಯಿಲ್ ಇದೆಯಾ ಎಂದು ಕೇಳುತ್ತಿದ್ದರು, ಇದೆ ಸಾರ್ ಎನ್ನುತ್ತಿದ್ದೆ. ತಿಂಗಳುಗಳು ಹಾಗೇ ಹೋದವು. ನಿದ್ದೆಗೆಟ್ಟೆ, ಅತ್ತೆ ಎಂದು ಬರೆದರೆ ನನ್ನ ಮರ್ಯಾದೆ ಉಳಿಯಬಹುದು, ಆದರೆ ಹಾಗಾಗಲಿಲ್ಲ. ಚೆನ್ನಾಗಿ ತಿಂದೆ, ಮಲಗಿದೆ, ಎದ್ದೆ. ಜೋಮು ಹಿಡಿದ ಕಾಲಿನ ಮೇಲೆ ನಡೆದಾಡಿದ ಹಾಗಿತ್ತು. ಗಂಡ ಬಿದ್ದು ಸೊಂಟ ಮುರಿದುಕೊಂಡು ಮನೆಯಲ್ಲಿದ್ದ, ನನ್ನ ಕೆಲಸ ಹೋದರೆ ಗತಿಯೇನು ಎಂಬ ಕಾರಣವೂ ಇತ್ತು. ಕಾರಣಗಳಿಗೇನು, ಹುಡುಕಿದರೆ ಸಿಗುತ್ತವೆ.

ಅಕ್ಕ ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಮನೆಗಳ ಪಾತ್ರೆ, ನೆಲ ಹಿಡಿದಿದ್ದಾಳೆಂದೂ, ಮೊಣಕಾಲು ಊದಿ ಎರಡು ಮನೆ ಬಿಟ್ಟಳೆಂದೂ ಬಟ್ಟೆ ಒಗೆಯುವ ವಿಭಾಗದ ಹೆಂಗಸು ಹೇಳಿದಳು. ಮರುದಿನ ಲಿಫ್ಟಿನ ಬಳಿ ಸೂಪರ್‌ವೈಸರ್ ಟೀ ಕುಡಿಯುತ್ತಿದ್ದಾಗ ಎದುರು ಹೋಗಿ ನಿಂತೆ.

"ಸಾರ್, ಅವತ್ತಿನ ಸೈನು ನಂದು. ಅಕ್ಕಂದಲ್ಲ."

"ಗೊತ್ತು ಕಣಮ್ಮ" ಎಂದರು ಅವರು, ಲೋಟದಿಂದ ಕಣ್ಣೆತ್ತದೆ. "ಆ ಥರ ಅಕ್ಷರ ಅವ್ಳಿಗೆಲ್ಲಿ ಬರತ್ತೆ? ಮೇಲಿನೋರಿಗೆ ಒಂದು ಹೆಸ್ರು ಬೇಕಿತ್ತು, ಅವ್ಳೇ ಕೊಟ್ಲು. ಈಗ ಕೆದಕಿದ್ರೆ ಫುಲ್ ಮಾಡಿ ಅಂದ ನಾನೂ ಹೋಗ್ತೀನಿ, ನೀನೂ ಹೋಗ್ತೀಯ."

"ಆ ಫೋಟೊ ಒಂದು ತೆಗೆಸಿ ಸಾರ್."

"ಎಲ್ಲರ ಫೋನಿಗೂ ಹೋಗಾಯ್ತು. ಎಷ್ಟು ಜನರ ಹತ್ರ ತೆಗೆಸ್ಲಿ? ಹೋಗು, ಮುನ್ನೂರ ನಾಲ್ಕು ಡಿಸ್ಚಾರ್ಜ್ ಆಗಿದೆ."

ಹೋದೆ. ಮುನ್ನೂರ ನಾಲ್ಕನ್ನು ಹೊಸ ಜೊತೆಗಾತಿಯೊಂದಿಗೆ ಒರೆಸಿ ಮುಗಿಸಿದೆ. ಶಿಫ್ಟ್ ಮುಗಿಸಿ ಬಸ್ ಸ್ಟಾಪಿನಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕ, ಸೂಪರ್‌ವೈಸರ್‌ಗೆ ಹೇಳ್ದೆ. ಬರ್ದಿದ್ದು ನಾನು ಅಂತ. ಆದ್ರೆ ಅವ್ರು ಏನೂ ಮಾಡಲ್ವಂತೆ."

ಆ ಕಡೆ ನಲ್ಲಿಯ ಸದ್ದು ನಿಂತಿತು. ಬೈಯುತ್ತಾಳೆ, ಇಲ್ಲವೇ ಹೋಗಲಿ ಬಿಡು ಎನ್ನುತ್ತಾಳೆ ಎಂದುಕೊಂಡಿದ್ದೆ.

"ಅವತ್ತೇ ಹೇಳ್ತೀಯ ಅಂತ ಕಾದೆ ಕಣೇ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ ಮುಖಾನೇ ನೋಡ್ತಾ ನಿಂತಿದ್ದೆ. ನೀನು ನನ್ ಕಡೆ ತಿರುಗ್ಲೇ ಇಲ್ಲ. ಆಮೇಲೆ ನಾನೇ ಒಪ್ಕೊಂಡೆ." ಒಳಗಿನಿಂದ ಯಾರೋ ಕರೆದರು. "ಮನೆಯೋರು ಕರೀತಿದಾರೆ, ಇಡ್ತೀನಿ."

ನನ್ನ ಬಸ್ಸು ಬಂತು, ಹೋಯಿತು. ಅವಳು ಕಾಯುತ್ತಾ ನಿಂತಿದ್ದಾಗ ಅವಳ ಮುಖ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದೆ. ನೋಡಿದ್ದರೆ ತಾನೆ ನೆನಪಾಗುವುದು.