ಪಾಸ್‌ವರ್ಡ್ ನಂದು ಸಾ

ನಮ್ಮ ಸೀನಿಯರ್ ಅವರ ಕುತ್ತಿಗೆ ಸದಾ ಎಡಕ್ಕೆ ವಾಲಿರುತ್ತಿತ್ತು. ಮೂವತ್ತು ವರ್ಷ ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ವೈರು ತಿರುಚಿದ್ದರ ಫಲ. ಆ ಕಿವಿಯ ಅಂಚು ಕಪ್ಪಾಗಿ ಗಟ್ಟಿಕಟ್ಟಿತ್ತು. ಟೀ ಅಂಗಡಿ ಮುಂದೆ ಸುಮ್ಮನೆ ನಿಂತಾಗಲೂ ಯಾರದೋ ಮಾತು ಕೇಳಿಸಿಕೊಳ್ಳುತ್ತಿರುವವರ ಹಾಗೆ ಕಾಣುತ್ತಿದ್ದರು.

ಯಶವಂತಪುರದ ಒಂದು ಚಿಕ್ಕ ಕಂಪನಿಯಲ್ಲಿ ನಾನು ಅವರ ಕೈಕೆಳಗೆ ಕೆಲಸ ಕಲಿತೆ. ಆಫೀಸು, ಆಸ್ಪತ್ರೆಗಳ ಒಳಗಿನ ಫೋನುಗಳನ್ನೆಲ್ಲ ನಡೆಸುವ ಒಂದು ಪೆಟ್ಟಿಗೆ ಇರುತ್ತದೆ. ಅದಕ್ಕೆ ಹೊರಗಿನಿಂದಲೇ ಡಯಲ್ ಮಾಡಿ, ಪಾಸ್‌ವರ್ಡ್ ಒತ್ತಿ, ಕೂತಲ್ಲಿಂದಲೇ ನಂಬರು ಬದಲಿಸಿಕೊಡುವುದು ನಮ್ಮ ಕಸುಬು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಒದ್ದಾಡುವುದು ತಪ್ಪಿತಲ್ಲ ಅಂತ ನನಗೆ ಖುಷಿಯೋ ಖುಷಿ. ಅವರಿಗೆ ಮಾತ್ರ ಸಮಾಧಾನವಿರಲಿಲ್ಲ. ಕೋಗಿಲು ಊರಿನ ಹಳೇ ಮನೆತನದವರು, ಬಾಯಲ್ಲಿ ಹಕಾರ ಹೊರಡುತ್ತಿರಲಿಲ್ಲ.

"ಪೆಟ್ಗೆ ಪೀಂ ಅಂದ್ರೆ ಆಗೋಯ್ತಾ? ಆ ಕಡೆಯಿಂದ ಮನ್ಸ ಅಲೋ ಅನ್ಬೇಕು ಕಣಮ್ಮಾ. ಅಲ್ಲೀಗಂಟ ಕೆಲ್ಸ ಮುಗ್ದಿಲ್ಲ."

ಬದಲಿಸಿದ ಪ್ರತಿ ನಂಬರಿಗೂ ತಾವೇ ಫೋನ್ ಮಾಡಿ, "ಕೇಳ್ತೈತಾ? ಚೆನ್ನಾಗ್ ಕೇಳ್ತೈತಾ?" ಅಂತ ಕಿರುಚುತ್ತಿದ್ದರು. "ಫೋನಿಲ್ಲದೇನೇ ಕೇಳ್ಸುತ್ತೆ ಬಿಡಿ ಸರ್" ಅಂತ ನಾನು ರೇಗಿಸುತ್ತಿದ್ದೆ.

ತಣಿಸಂದ್ರದ ನರ್ಸಿಂಗ್ ಹೋಮ್ ಒಂದರಲ್ಲಿ ಡಾಕ್ಟರ ಕೋಣೆ ಕೆಳಗಿನಿಂದ ಎರಡನೇ ಮಹಡಿಗೆ ಹೋಯಿತು. ಅವರ ನಂಬರನ್ನೂ ಮೇಲಕ್ಕೆ ಕಳಿಸಬೇಕಿತ್ತು. ಸರ್ ಬೇರೆ ಕೆಲಸಕ್ಕೆ ಹೊರಟಿದ್ದರು. ತಮ್ಮ ಪಾಸ್‌ವರ್ಡ್ ನನಗೆ ಕೊಟ್ಟು ಹೋದರು. ಡಯಲ್ ಮಾಡಿದೆ, ಅಂಕಿ ಒತ್ತಿದೆ, ಪೆಟ್ಟಿಗೆ ಪೀಂ ಅಂತು. ಜೊತೆಯವರು ಊಟಕ್ಕೆ ಕರೆಯುತ್ತಿದ್ದರು. ಎದ್ದುಬಿಟ್ಟೆ. ಥೂ, ಒಂದೇ ಒಂದು ಫೋನ್ ಮಾಡಿ ನೋಡಲು ನನಗೇನು ದಾಡಿಯಾಗಿತ್ತು!

ಒಂದು ಅಂಕಿ ತಪ್ಪು ಒತ್ತಿದ್ದೆ. ಮರುದಿನ ಮಧ್ಯಾಹ್ನ ಹೆರಿಗೆಯಾದ ಒಬ್ಬಾಕೆಗೆ ರಕ್ತ ನಿಲ್ಲಲಿಲ್ಲ. ವಾರ್ಡಿನೊಳಗೆ ಮೊಬೈಲ್ ಬಿಡುತ್ತಿರಲಿಲ್ಲ. ನರ್ಸ್ ಡಾಕ್ಟರ ನಂಬರು ಒತ್ತಿದರೆ ಬೀಗ ಹಾಕಿದ ಸ್ಟೋರ್ ರೂಮಿನಲ್ಲಿ ಫೋನು ಬಡಿದುಕೊಂಡಿತು. ಮತ್ತೆ ಮತ್ತೆ ಒತ್ತಿ, ಕೊನೆಗೆ ಮೆಟ್ಟಿಲು ಹತ್ತಿ ಓಡಿದಳಂತೆ. ತಾಯಿ ಉಳಿದಳು, ಆದರೆ ಗರ್ಭಕೋಶ ತೆಗೆಯಬೇಕಾಯಿತು. ಬೇಗ ಗೊತ್ತಾಗಿದ್ದರೆ ತೆಗೆಯಬೇಕಾಗಿರಲಿಲ್ಲವೇನೋ ಅಂದರಂತೆ ಡಾಕ್ಟರು. ಆ 'ಏನೋ' ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಪೆಟ್ಟಿಗೆಯ ದಾಖಲೆಯಲ್ಲಿ ಯಾರ ಪಾಸ್‌ವರ್ಡ್ ಎಂದು ಮಾತ್ರ ಇರುತ್ತದೆ, ಒತ್ತಿದ ಕೈ ಯಾರದೆಂದು ಇರುವುದಿಲ್ಲ. ನಮ್ಮ ಮಾಲೀಕರು ಇಬ್ಬರನ್ನೂ ಕರೆಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸರ್ ಕಣ್ಣಲ್ಲೇ ಗದರಿದರು.

"ಪಾಸ್‌ವರ್ಡ್ ನಂದು ಸಾ. ನಾನೇ ಮಾಡಿದ್ದು. ಫೋನ್ ಮಾಡಿ ನೋಡೋದ್ ಮರ್ತೆ."

ಅವತ್ತೇ ಅವರ ಕೆಲಸ ಹೋಯಿತು. ಹೊರಗೆ ಬಂದು ನಾನು ಅತ್ತಾಗ, "ನಿಂಗಿನ್ನೂ ವಯಸ್ಸೈತೆ. ಬಾಯ್ ಮುಚ್ಕೊಂಡು ನೆಟ್ಗೆ ಕೆಲ್ಸ ಕಲಿ" ಅಂದರು. ನಾನು ಬಾಯಿ ಮುಚ್ಚಿಕೊಂಡೆ. ಸುಳ್ಳು ಯಾಕೆ ಹೇಳಲಿ, ಸದ್ಯ ಕೆಲಸ ಉಳಿಯಿತಲ್ಲ ಅಂತ ಒಳಗೊಳಗೇ ನಿರಾಳವೂ ಆಗಿತ್ತು. ಆ ನಿರಾಳಕ್ಕೆ ನನ್ನ ಮೇಲೆ ನನಗೇ ಅಸಹ್ಯ.

ಹೋದ ವರ್ಷ ಅವರು ತೀರಿಕೊಂಡರು. ತಿಥಿಯ ದಿನ ಕೋಗಿಲಿಗೆ ಹೋದೆ. ಅವರ ಹೆಂಡತಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಇನ್ನು ತಡೆಯಲಾಗಲಿಲ್ಲ.

"ಅಮ್ಮಾ, ಆ ಆಸ್ಪತ್ರೆ ತಪ್ಪು ಅವರದ್ದಲ್ಲ. ಅದು ನಾನು ಮಾಡಿದ್ದು."

ಆಕೆ ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿ ಅಂತಲೇ ಇತ್ತು. ಆಕೆ ಸೆರಗು ಬಾಯಿಗೆ ಒತ್ತಿಕೊಂಡರು.

"ಒಂದೆಣ್ಣಿನ ಬಾಳು ಆಳ್ ಮಾಡಿದ ಕೈಗೆ ನಾನ್ ಅನ್ನ ಇಕ್ಕಲ್ಲ ಓಗಿ ಅಂದ್ಬಿಟ್ಟಿದ್ದೆ ಕಣವ್ವಾ. ಅವತ್ತಿಂದ ಅವ್ರೇ ಆಕ್ಕೊಂಡು ಉಣ್ತಿದ್ರು. ಒಂದಿನಾನೂ ನಾನಲ್ಲ ಅನ್ಲಿಲ್ಲ."